ಪಾಕೀಟಿನ ಮೇಲಿನ ಮನುಷ್ಯ

ನನ್ನ ಅಂಗಿಗಳನ್ನೆಲ್ಲ ತಂತಿಯ ಮೇಲೆ ಸಾಲಾಗಿ ನೇತುಹಾಕಿ ನೋಡಿದರೆ ಒಂದು ಸಂಗತಿ ಯಾರಿಗಾದರೂ ಕಾಣುತ್ತದೆ. ಎಲ್ಲದರ ಜೇಬೂ ಜೋತುಬಿದ್ದಿದೆ. ಬರಿ ಜೋತುಬಿದ್ದಿಲ್ಲ, ಚೌಕಾಕಾರವಾಗಿ ಉಬ್ಬಿಕೊಂಡಿದೆ. ಇಸ್ತ್ರಿಯವನು ಎಷ್ಟು ಒತ್ತಿ ತಿಕ್ಕಿದರೂ ಆ ಉಬ್ಬು ಹೋಗುವುದಿಲ್ಲ. ಈಗ ಅಲ್ಲಿ ಲವಂಗದ ಪೊಟ್ಟಣವೊಂದು ಕೂತಿದೆ. ಬೆಳಗಿನಿಂದ ನನ್ನ ಕೈ ಅಲ್ಲಿಗೆ ಹೋಗುತ್ತದೆ, ಪೊಟ್ಟಣವನ್ನು ಮುಟ್ಟುತ್ತದೆ, ತಪ್ಪು ಮನೆಯ ಬಾಗಿಲು ತಟ್ಟಿದವರಂತೆ ಸುಮ್ಮನೆ ವಾಪಸು ಬರುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಹೊರಡುತ್ತದೆ. ಬುದ್ಧಿ ಹೇಳೋಣವೆಂದರೆ ಕೈಗೆ ಕಿವಿಯಿಲ್ಲ.

ಸಿಗರೇಟು ಬಿಡುತ್ತಿದ್ದೇನೆ. ಈ ಮಾತು ನನ್ನ ಬಾಯಲ್ಲಿ ಹೊಸದೇನಲ್ಲ. ಯುಗಾದಿಗೊಮ್ಮೆ, ಶ್ರಾವಣಕ್ಕೊಮ್ಮೆ, ಕೆಮ್ಮು ಬಂದಾಗೊಮ್ಮೆ ಹೇಳಿ ಹೇಳಿ ಮನೆಯವರಿಗೆ ಅದೂ ಒಂದು ಹಬ್ಬದ ಪದ್ಧತಿಯಂತೆ ಆಗಿಹೋಗಿದೆ. ಆದರೆ ಈ ಸಲ ಮತ್ತೆ ಹಚ್ಚಿದೆನೋ, ಅವ್ವನ ಎದುರು ಕೂತು ಊಟ ಮಾಡುವುದು ನನ್ನಿಂದ ಆಗುವುದಿಲ್ಲ. ಯಾಕೆಂದು ಹೇಳಲಿಕ್ಕೇ ಬರೆಯಲು ಕೂತಿದ್ದೇನೆ. ಮಧ್ಯೆ ಮಧ್ಯೆ ಎದ್ದು ಹೋದರೆ ಬೇಸರ ಮಾಡಿಕೊಳ್ಳಬೇಡಿ, ನೀರು ಕುಡಿದು ಬರುತ್ತೇನೆ.

ಕೆ.ಆರ್. ಪುರದ ಮಾರುಕಟ್ಟೆಯ ಹಿಂದೆ ಎರಡನೇ ಮಹಡಿಯಲ್ಲಿ ನಮ್ಮ ಬಾಡಿಗೆ ಮನೆ. ಇರುವುದೇ ಎರಡು ಕೋಣೆ. ಅದರೊಳಗೆ ಒಬ್ಬ ಮನುಷ್ಯ ಶತಪಥ ತಿರುಗತೊಡಗಿದರೆ ಉಳಿದವರು ಗೋಡೆಗೆ ಒರಗಿ ನಿಲ್ಲಬೇಕಾಗುತ್ತದೆ. ಈ ಕೆಲವು ದಿನಗಳಲ್ಲಿ ನಾನು ಟ್ಯೂಬ್‌ಲೈಟಿನ ಧೂಳು ಒರೆಸಿದ್ದೇನೆ, ಕುಕ್ಕರಿನ ಹಿಡಿ ಬಿಗಿ ಮಾಡಿದ್ದೇನೆ, ಏನೂ ಆಗಿರದ ಮಿಕ್ಸಿಯನ್ನು ಬಿಚ್ಚಿದ್ದೇನೆ. ಬಿಚ್ಚಿದ ಮಿಕ್ಸಿಯನ್ನು ಮುಚ್ಚಿದ ಮೇಲೆ ಎರಡು ಸ್ಕ್ರೂ ಉಳಿದವು. ಅವನ್ನು ಹೆಂಡತಿಗೆ ಕಾಣದಂತೆ ಜೇಬಿಗೆ ಹಾಕಿಕೊಂಡೆ, ಕೈಗೆ ಮುಟ್ಟಲು ಇನ್ನೊಂದು ಸಾಮಾನು ಸಿಕ್ಕಿತು. ಸುನಂದಾ ನಿನ್ನೆ ಚಪಾತಿ ಹಿಟ್ಟು ನಾದುತ್ತಿದ್ದವಳು ತಲೆ ಎತ್ತಿ, “ಒಂದ ಕಡೆ ಕೂಡ್ರಿ. ನೋಡಿ ನೋಡಿ ನನಗ ತಲಿ ತಿರಗಾಕತ್ತದ” ಎಂದಳು. ಕೂತೆ. ಕೂತಲ್ಲೇ ಮೊಳಕಾಲು ಕುಣಿಯತೊಡಗಿತು. ಮಾಳಿಗೆಗೆ ಹೋಗಿ ರೈಲು ನೋಡಿಕೊಂಡು ಬನ್ನಿ ಎಂದು ಅವಳೇ ಕಳಿಸಿದಳು. ರೈಲು ಬಂತು, ಹೋಯಿತು, ನಾನು ಇನ್ನೂ ಅಲ್ಲೇ ಜೇಬು ಮುಟ್ಟಿಕೊಳ್ಳುತ್ತ ನಿಂತಿದ್ದೆ.

ಸಿಗರೇಟಿಗೂ ನನಗೂ ನೆಂಟಸ್ತನ ಶುರುವಾದದ್ದು ಹೊಗೆಯಿಂದಲ್ಲ, ಕಾಗದದಿಂದ. ಶಹಾಪುರದ ನಮ್ಮ ಓಣಿಯಲ್ಲಿ ಆಗ ಹುಡುಗರಿಗೆಲ್ಲ ಖಾಲಿ ಪಾಕೀಟು ಆಯುವ ಹುಚ್ಚು. ಬಸ್‌ಸ್ಟ್ಯಾಂಡಿನ ಪಾನ್‌ ಅಂಗಡಿಯ ಮುಂದೆ, ಟೂರಿಂಗ್ ಟಾಕೀಸಿನ ಡೇರೆಯ ಹಿಂದೆ ಹುಡುಕಿ ತಂದು, ಹರಿದು, ತೊಡೆಯ ಮೇಲಿಟ್ಟು ತಿಕ್ಕಿ ಸಪಾಟು ಮಾಡಿ, ಗೆರೆ ಎಳೆದ ವೃತ್ತದಲ್ಲಿಟ್ಟು ಹಂಚಿನ ಬಿಲ್ಲೆಯಿಂದ ಹೊಡೆದು ಹೊರಗೆ ತಳ್ಳುವ ಆಟ. ಅಗ್ಗದ ಸಿಗರೇಟಿನ ಪಾಕೀಟಿಗೆ ಕಿಮ್ಮತ್ತಿಲ್ಲ. ಬಂಗಾರದ ಗೆರೆಯದು, ಕಿರೀಟದ ಚಿತ್ರ ಇರುವಂಥದು ಸಿಕ್ಕಿದರೆ ಅವನೇ ರಾಜ. ನಮ್ಮ ಸೋದರಮಾವ ಅಂಥ ಬಂಗಾರದ ಗೆರೆಯ ಪಾಕೀಟು ಸೇದುತ್ತಿದ್ದ. ಅವನು ಕೊನೆಯ ಸಿಗರೇಟಿಗೆ ಬರುವವರೆಗೂ ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. ಮಾವನ ಮೇಲೆ ಎಂಥ ಪ್ರೀತಿ ನೋಡು ಎಂದು ಮನೆಯಲ್ಲಿ ಹೊಗಳುತ್ತಿದ್ದರು. ಪಾಕೀಟಿನ ಒಳಗಿನ ಬೆಳ್ಳಿ ಹಾಳೆ ಅಕ್ಕನಿಗೆ, ಅವಳ ಗೊಂಬೆಯ ಊಟದ ತಟ್ಟೆಗೆ. ಆ ಹಾಳೆಯ ವಾಸನೆಯನ್ನು ಈಗಲೂ ಹೇಳಬಲ್ಲೆ, ಆದರೆ ಈಗ ಬೇಡ. ವಾಸನೆಯ ಮಾತು ತೆಗೆದರೆ ಈ ಪ್ರಬಂಧ ಇಲ್ಲಿಗೇ ನಿಂತು ನಾನು ಅಂಗಡಿಯ ಕಡೆ ಹೊರಡಬೇಕಾದೀತು.

ಇವತ್ತಿನ ಪಾಕೀಟನ್ನು ಯಾವ ಹುಡುಗನೂ ಆಯುವುದಿಲ್ಲ. ಮುಂದೆಯೂ ಅದೇ ಚಿತ್ರ, ಹಿಂದೆಯೂ ಅದೇ ಚಿತ್ರ. ಗಂಟಲಲ್ಲಿ ತೂತು, ಕುತ್ತಿಗೆಯಲ್ಲಿ ಗಡ್ಡೆ, ಹಣ್ಣಾದ ಹುಣ್ಣು. ಸಿಗರೇಟಿನ ಹೆಸರು ಮೂಲೆಯಲ್ಲಿ ಮುದುಡಿ ಕೂತಿರುತ್ತದೆ. ಕೆಳಗೆ ಕೆಂಪು ಪಟ್ಟಿಯ ಮೇಲೆ ಬಿಳಿ ಅಕ್ಷರ, ಬಿಡಬೇಕೆನ್ನುವವರಿಗೆ ಒಂದು ಫೋನ್ ನಂಬರು. ಇಷ್ಟನ್ನೂ ದಿನಕ್ಕೆ ಎಷ್ಟೋ ಸಲ ಕೈಯಲ್ಲಿ ಹಿಡಿಯುವ ಮನುಷ್ಯ ಹೆದರಿ ಬಿಡಬೇಡವೇ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳುತ್ತಿದ್ದಳು. ಉತ್ತರ ಹೇಳಬೇಕಾದರೆ ನನ್ನ ಕೆಲಸದ ವಿಷಯ ಸ್ವಲ್ಪ ಹೇಳಬೇಕು.

ನಾನು ಛಾಪಖಾನೆಯ ಮನುಷ್ಯ. ಬೆಂಗಳೂರಿಗೆ ಬಂದ ಹೊಸತರಲ್ಲಿ ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಮದುವೆ ಪತ್ರಿಕೆ ಅಚ್ಚು ಹಾಕುವ ಒಂದು ಸಣ್ಣ ಪ್ರೆಸ್ಸಿನಲ್ಲಿದ್ದೆ. ಅಲ್ಲಿ ಮೆಷಿನ್ ನಡೆಸುತ್ತಿದ್ದವನು ಇಬ್ರಾಹಿಂ. ನನಗಿಂತ ನಾಲ್ಕಾರು ವರ್ಷ ದೊಡ್ಡವನು, ಹುಟ್ಟಿ ಬೆಳೆದದ್ದೆಲ್ಲ ಶಿವಾಜಿನಗರದಲ್ಲೇ. ಶಾಯಿ ಒಣಗುವವರೆಗೆ ಕಾಯಬೇಕಲ್ಲ, ಆ ಹೊತ್ತಿಗೆ ಅವನು ನನ್ನನ್ನು ಚಹಾದಂಗಡಿಗೆ ಎಳೆದುಕೊಂಡು ಹೋಗುತ್ತಿದ್ದ. ಒಂದು ಚಹಾ ಇಬ್ಬರಿಗೆ, ಒಂದು ಸಿಗರೇಟು ಇಬ್ಬರಿಗೆ. ಕಲಿಸಿದವನು ಅವನೇ ಎಂದು ನಾನು, ಕಲಿಯಲು ತುದಿಗಾಲಲ್ಲಿ ನಿಂತಿದ್ದವನು ಇವನೇ ಎಂದು ಅವನು, ಇಂದಿಗೂ ಜಗಳವಾಡುತ್ತೇವೆ. ಆ ಪ್ರೆಸ್ಸು ಮುಚ್ಚಿದ ಮೇಲೆ ಇಬ್ಬರೂ ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆ ಸೇರಿದೆವು. ಅಲ್ಲಿ ಔಷಧಿಯ, ಬಿಸ್ಕತ್ತಿನ, ಊದುಬತ್ತಿಯ ರಟ್ಟಿನ ಪೆಟ್ಟಿಗೆಗಳನ್ನು ಅಚ್ಚು ಹಾಕುತ್ತಾರೆ. ಇಬ್ರಾಹಿಂ ಮೆಷಿನ್ನಿನ ಮೇಲೆ, ನಾನು ಬಣ್ಣ ನೋಡುವವನು. ಹಾಳೆ ಹೊರಗೆ ಬಂದ ಕೂಡಲೇ ಭೂತಗನ್ನಡಿ ಹಿಡಿದು, ಬಿಸ್ಕತ್ತು ಬಿಸ್ಕತ್ತಿನ ಬಣ್ಣದಲ್ಲೇ ಇದೆಯೋ ಇಲ್ಲವೋ ನೋಡಿ ಸಹಿ ಹಾಕುವುದು ನನ್ನ ಕೆಲಸ.

ಆದ್ದರಿಂದ ಪಾಕೀಟಿನ ಮೇಲೆ ಆ ದೊಡ್ಡ ಚಿತ್ರವನ್ನು ಮೊದಲು ಕಂಡಾಗ ನನ್ನ ಬಾಯಿಂದ ಬಂದ ಮಾತು, “ಕೆಂಪು ಜಾಸ್ತಿ ಆಗಿದೆ” ಎಂಬುದು. ಇಬ್ರಾಹಿಂ ಬಗ್ಗಿ ನೋಡಿ, ಹಳದಿ ಸ್ವಲ್ಪ ಸರಿದಿದೆ, ಅದಕ್ಕೇ ತುಟಿಯ ಅಂಚು ಎರಡೆರಡು ಕಾಣುತ್ತಿದೆ ಎಂದ. ಇಬ್ಬರೂ ಗಂಭೀರವಾಗಿ ಒಬ್ಬ ರೋಗಿಯ ಕುತ್ತಿಗೆಯನ್ನು ತಿದ್ದಿದೆವು. ತಿದ್ದುತ್ತ ತಿದ್ದುತ್ತ ಅದೇ ಪಾಕೀಟಿನಿಂದ ತಲಾ ಒಂದು ತೆಗೆದು ಹಚ್ಚಿದೆವು. ಭೂತಗನ್ನಡಿ ಹಿಡಿದು ನೋಡಿದರೆ ಅಲ್ಲಿ ಮನುಷ್ಯನೇ ಇರುವುದಿಲ್ಲ. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕೆಗಳು ಮಾತ್ರ ಇರುತ್ತವೆ. ಚುಕ್ಕೆಗಳಿಗೆ ಯಾರು ಹೆದರುತ್ತಾರೆ?

ಒಂದು ನಿಮಿಷ. ಲವಂಗ ಖಾರ ಹತ್ತಿತು.

ಹೆದರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಹೆದರಿದ್ದೇನೆ. ಬಚ್ಚಲುಮನೆಯ ಕನ್ನಡಿಯ ಮುಂದೆ ಆ ಎಂದು ಬಾಯಿ ತೆರೆದು, ಮೊಬೈಲಿನ ಟಾರ್ಚು ಬಿಟ್ಟುಕೊಂಡು, ನಾಲಿಗೆ ಎತ್ತಿ, ಕೆನ್ನೆಯ ಒಳಗೆ ಬೆರಳಾಡಿಸಿ ನೋಡಿಕೊಂಡಿದ್ದೇನೆ. ಸುನಂದಾ ಹೊರಗಿನಿಂದ ಬಾಗಿಲು ಬಡಿದು ಏನು ನಡೆದಿದೆ ಎಂದು ಕೇಳಿದರೆ, ಹಲ್ಲು ನೋವು ಎಂದಿದ್ದೇನೆ. ಒಂದು ದಿನ ನಾಲಿಗೆಯ ಬುಡದಲ್ಲಿ ಸಣ್ಣ ಗುಳ್ಳೆಗಳು ಕಂಡವು. ಅವು ಎಲ್ಲರ ನಾಲಿಗೆಯಲ್ಲೂ ಇರುತ್ತವೆ ಎಂದು ತಿಳಿಯುವ ಹೊತ್ತಿಗೆ ಅರ್ಧ ಪಾಕೀಟು ಮುಗಿದಿತ್ತು. ನನ್ನ ತೊಂದರೆ ಇರುವುದೇ ಇಲ್ಲಿ. ಹೆದರಿಕೆಯಾದರೆ ನಾನು ಮಾಡುವ ಮೊದಲ ಕೆಲಸ ಒಂದು ಸಿಗರೇಟು ಹಚ್ಚುವುದು. ಆ ಚಿತ್ರ ನನ್ನನ್ನು ಹೆದರಿಸಿದಷ್ಟೂ ನನ್ನ ಕೈ ಅದೇ ಪಾಕೀಟಿನ ಕಡೆಗೆ ಹೋಗುತ್ತಿತ್ತು. ಎರಡು ಸಲ ಆ ಚಿತ್ರ ನೋಡಿಯೇ ಬಿಟ್ಟೆ ಕೂಡ. ಟಿನ್ ಫ್ಯಾಕ್ಟರಿಯ ಹತ್ತಿರ ಬಸ್ಸು ಅಲ್ಲಾಡದೆ ನಿಂತ ಒಂದು ಸಂಜೆ ಮೊದಲನೆಯ ಪ್ರತಿಜ್ಞೆ ಮುರಿಯಿತು. ಎರಡನೆಯದು ಯಾಕೆ ಮುರಿಯಿತೆಂದು ನೆನಪಿಲ್ಲ. ಮುರಿಯಲು ಅಂಥ ದೊಡ್ಡ ಕಾರಣವೇನೂ ಬೇಕಾಗಿರಲಿಲ್ಲ.

ಮಿಕ್ಕವರದ್ದೂ ಇದೇ ಕತೆ, ಉಪಾಯಗಳು ಬೇರೆ ಬೇರೆ. ಕಾರ್ಖಾನೆಯ ಗೇಟಿನ ಎದುರು ಸೆಲ್ವಣ್ಣನ ಅಂಗಡಿ. ಅಲ್ಲಿ ಮುಕ್ಕಾಲು ಜನ ಒಂದೊಂದೇ ಬಿಡಿ ಸಿಗರೇಟು ಕೊಳ್ಳುವವರು. ಪಾಕೀಟು ಸೆಲ್ವಣ್ಣನ ಕೈಯಲ್ಲೇ ಉಳಿಯುತ್ತದೆ. ಬೀಡಿ ಸಿಗರೇಟು ಯಾವುದನ್ನೂ ಮುಟ್ಟದ ಸೆಲ್ವಣ್ಣ ಆ ಕೊಳೆತ ಗಂಟಲನ್ನು ದಿನವಿಡೀ ನೋಡುತ್ತ ಕೂರಬೇಕು, ಸೇದುವವನಿಗೆ ಬೆಳ್ಳಗಿನ ಕಡ್ಡಿಯೊಂದೇ ಕಾಣುತ್ತದೆ. ಇಡೀ ಪಾಕೀಟು ಕೊಳ್ಳುವ ಒಬ್ಬ ಆಫೀಸಿನ ಹುಡುಗ ಮನೆಗೆ ತರಕಾರಿ ಆರಿಸುವವನಂತೆ, ಇದು ಬೇಡ, ಬೇರೆ ಫೋಟೊ ಇರೋದು ಕೊಡಿ ಎಂದು ಚೌಕಾಶಿ ಮಾಡುತ್ತಿದ್ದ. ಸೆಲ್ವಣ್ಣ ತಣ್ಣಗೆ, “ಈ ಸಲ ಎಲ್ಲಾದಕ್ಕೂ ಒಂದೇ ತಲೆ ಸಾರ್. ಬೇಕಾ ಬೇಡ್ವಾ?” ಎಂದ. ಹುಡುಗ ಅದನ್ನೇ ತೆಗೆದುಕೊಂಡ. ಇಬ್ರಾಹಿಂ ಮಾತ್ರ ಕೆಮ್ಮಿನ ಪೆಪ್ಪರಮಿಂಟಿನ ತಗಡಿನ ಡಬ್ಬಿಯೊಂದನ್ನು ಇಟ್ಟುಕೊಂಡು ಸಿಗರೇಟುಗಳನ್ನು ಅದರೊಳಗೆ ವರ್ಗಾಯಿಸುತ್ತಿದ್ದ. “ನೋಡು ಭಾಯ್, ಆ ಫೋಟೊ ಹೊಸಬರಿಗೆ. ನಾವು ಹಳೇ ಗಿರಾಕಿ” ಎನ್ನುವುದು ಅವನ ವಾದ.

ನಾನು ಇವರೆಲ್ಲರಿಗಿಂತ ಒಂದು ಕೈ ಮೇಲೆ. ಪೆಟ್ಟಿಗೆ ಮಾಡುವುದೇ ನನ್ನ ಕಸುಬಲ್ಲವೇ? ಊದುಬತ್ತಿಯ ಪೆಟ್ಟಿಗೆಗೆಂದು ಅಚ್ಚಾಗಿ, ಬಣ್ಣ ಸರಿಯಿಲ್ಲವೆಂದು ನಾನೇ ತಿರಸ್ಕರಿಸಿದ್ದ ಹಾಳೆಯೊಂದನ್ನು ತಂದು, ಅಳತೆ ತೆಗೆದು, ಮಡಿಕೆ ಒತ್ತಿ, ಅಂಟು ಹಚ್ಚಿ ಸಿಗರೇಟು ಪಾಕೀಟಿಗೆ ಸರಿಯಾಗಿ ಕೂರುವ ಒಂದು ಕವಚ ಮಾಡಿದೆ. ನಾಲ್ಕೂ ಕಡೆ ಗುಲಾಬಿ ಹೂವು. ಮೇಲಿನಿಂದ ತುರುಕಿದರೆ ರೋಗಿ ಒಳಗೆ, ಗುಲಾಬಿ ಹೊರಗೆ. ಕಾರ್ಖಾನೆಯಲ್ಲಿ ನಾಲ್ಕು ಜನ ತಮಗೂ ಬೇಕೆಂದು ಕೇಳಿದರು. ಇಷ್ಟು ಅಚ್ಚುಕಟ್ಟಾಗಿ ನಾನು ಹೊಟ್ಟೆಪಾಡಿನ ಕೆಲಸವನ್ನೂ ಮಾಡಿರಲಿಲ್ಲ. ಆ ಗುಲಾಬಿಯ ಪಾಕೀಟನ್ನು ಮನೆಗೆ ತಂದು ಫ್ರಿಜ್ಜಿನ ಮೇಲೆ ಇಟ್ಟ ಸಂಜೆಯೇ ಅವ್ವ ಅದನ್ನು ಎತ್ತಿಕೊಂಡು, ಕವಚ ಕಳಚಿ, ನನ್ನ ಮುಖ ನೋಡಿ ಕೇಳಿದ್ದಳು.

“ಆ ಮನುಷ್ಯಾನ ಮಾರಿ ಯಾಕ ಮುಚ್ಚೀದಿ?”

ಚುಚ್ಚಿ ಮಾತಾಡುತ್ತಿದ್ದಾಳೆ ಎಂದುಕೊಂಡೆ. ಮುಖ ಸಣ್ಣದಾಯಿತು. ಕವಚವನ್ನು ಮುದುಡಿ ಕಸದ ಬುಟ್ಟಿಗೆ ಎಸೆದೆ. ಅವಳ ಮಾತಿನ ಅರ್ಥ ಬೇರೆಯೇ ಇತ್ತೆಂದು ತಿಳಿದದ್ದು ತೀರ ಈಚೆಗೆ.

ಅವ್ವನ ವಿಷಯಕ್ಕೆ ಬಂದೆ. ಅವಳು ಮೊದಲಿನಿಂದಲೂ ನಮ್ಮ ಜೊತೆಗೇ ಇರುವವಳು. ಅಕ್ಷರ ಬರುವುದಿಲ್ಲ, ಅಂಕಿಗಳು ಬರುತ್ತವೆ. ಬಸ್ಸಿನ ನಂಬರು, ಫೋನಿನ ನಂಬರು, ಗ್ಯಾಸ್‌ ಸಿಲಿಂಡರಿನ ಚೀಟಿಯ ನಂಬರು, ಎಲ್ಲವನ್ನೂ ಒಂದೊಂದಾಗಿ ಬೆರಳಿಟ್ಟು ಓದುತ್ತಾಳೆ. ನನ್ನ ಸಿಗರೇಟಿನ ಮೇಲೆ ಅವಳು ಮಾಡಿದ ಯುದ್ಧ ಸಣ್ಣದಲ್ಲ. ಮದುವೆಗೆ ಮುಂಚೆ ಒಮ್ಮೆ ಜೇಬಿನಲ್ಲಿ ಸಿಕ್ಕ ಪಾಕೀಟನ್ನು ಒಲೆಗೆ ಹಾಕಿದ್ದಳು. ಮಾತು ಬಿಟ್ಟಿದ್ದಳು, ಊಟ ಬಿಟ್ಟಿದ್ದಳು, ಮನೆದೇವರ ಮೇಲೆ ಆಣೆ ಮಾಡಿಸಿದ್ದಳು. ಆಣೆ ಮಾಡಿದ ನಾನು ಮಾಳಿಗೆಗೆ ಹೋಗಿ ಸೇದಿ, ಜೀರಿಗೆ ಪೆಪ್ಪರಮಿಂಟು ಅಗಿದು ಇಳಿದು ಬರುತ್ತಿದ್ದೆ. ಬಾಗಿಲಲ್ಲೇ ಮೂಗು ಅರಳಿಸಿ, “ದೇವರಿಗೂ ಪೆಪರಮಿಂಟ ಕೊಟ್ಟಿ ಏನು?” ಎಂದು ಕೇಳುತ್ತಿದ್ದಳು.

ಅವಳ ಇನ್ನೊಂದು ಗುಣ ಹೇಳಿಬಿಡಬೇಕು. ಕೆ.ಆರ್. ಪುರದ ಸಂತೆಯ ದಾರಿಯಲ್ಲಿ, ರೈಲ್ವೆ ಸ್ಟೇಷನ್ನಿನ ಮೆಟ್ಟಿಲ ಹತ್ತಿರ, ಆಸ್ಪತ್ರೆಯಲ್ಲಿ ಮಲಗಿದ ಮಗುವಿನದೋ ಹೊಟ್ಟೆ ಊದಿಕೊಂಡ ಗಂಡಸಿನದೋ ದೊಡ್ಡ ಫೋಟೊ ಅಂಟಿಸಿ, ಕೆಳಗೆ ಫೋನ್ ನಂಬರು ಬರೆದು, ಡಬ್ಬಿ ಹಿಡಿದು ನಿಂತಿರುತ್ತಾರಲ್ಲ, ಮೈಕಿನಲ್ಲಿ ಸಹಾಯ ಮಾಡಿ ಎಂದು ಕೂಗುತ್ತಿರುತ್ತಾರಲ್ಲ, ಅವರನ್ನು ದಾಟಿ ಮುಂದೆ ಹೋಗಲು ಅವ್ವನಿಗೆ ಬರುವುದಿಲ್ಲ. ನಾನು ಕೈ ಹಿಡಿದು ಎಳೆಯುತ್ತೇನೆ, ಇವೆಲ್ಲ ಸುಳ್ಳು ಇರುತ್ತವೆ ಎಂದು ಗದರುತ್ತೇನೆ. ಅವಳು ಸೊಂಟದ ಸಂಚಿಯಿಂದ ಚಿಲ್ಲರೆ ತೆಗೆದು ಹಾಕಿಯೇ ಬರುವುದು. ಫೋಟೊವನ್ನೂ ಸುಮ್ಮನೆ ನೋಡುವುದಿಲ್ಲ. ಎಲ್ಲಿ ನೋವಿದೆ, ಕಣ್ಣು ಹೇಗಿದೆ, ಉಂಡಿದ್ದಾನೋ ಇಲ್ಲವೋ ಎಲ್ಲ ವಿಚಾರಿಸುವವಳಂತೆ ನೋಡುತ್ತಾಳೆ. ಮನೆಗೆ ಬಂದು ಸುನಂದಾಗೆ ಅದರ ವರದಿ ಒಪ್ಪಿಸುತ್ತಾಳೆ. ಕೆಲವು ದಿನ ಬಿಟ್ಟು, ಅವನಿಗೆ ಈಗ ಹೇಗಿದೆಯೋ ಏನೋ ಎಂದು ತನ್ನಷ್ಟಕ್ಕೇ ಅಂದುಕೊಳ್ಳುತ್ತಾಳೆ. ಆ ಡಬ್ಬಿಯವರು ಕಳೆದ ವಾರವೇ ಹೊಸ ಫೋಟೊ ಅಂಟಿಸಿಕೊಂಡಿರುತ್ತಾರೆ.

ಇಂಥ ಅವ್ವ ಇದ್ದಕ್ಕಿದ್ದಂತೆ ಮೆತ್ತಗಾದಳು. ಪಾಕೀಟನ್ನು ಮಾಳಿಗೆಯ ಗೂಡಿನಲ್ಲಿ ಅಡಗಿಸುತ್ತಿದ್ದ ನಾನು ಧೈರ್ಯ ಮಾಡಿ ಫ್ರಿಜ್ಜಿನ ಮೇಲೆ ಇಡತೊಡಗಿದ ಮೇಲೆ ಈ ಬದಲಾವಣೆ. ಬೈಗುಳ ನಿಂತಿತು. ಮೂಗು ಅರಳಿಸುವುದು ನಿಂತಿತು. ಪಾಕೀಟಿನ ಮೇಲೆ ಒಮ್ಮೆ ಚಹಾ ಚೆಲ್ಲಿದಾಗ ಅವಳೇ ಎತ್ತಿ ಸೆರಗಿನಿಂದ ಒರೆಸಿ ಇಟ್ಟಳು. ಮಾಳಿಗೆಯಿಂದ ಇಳಿದು ಬಂದರೆ ನೀರು ಕೊಟ್ಟಳು. ಹಬ್ಬದ ರಜೆಯಲ್ಲಿ ಸೆಲ್ವಣ್ಣನ ಅಂಗಡಿಯ ಕಡೆ ಹೋಗದೆ, ಮನೆ ಹತ್ತಿರದ ಗೂಡಂಗಡಿಯಲ್ಲಿ ಬಿಡಿ ಸಿಗರೇಟು ತಂದದ್ದನ್ನು ನೋಡಿ, “ಬಿಡಿ ತಂದ್ರ ಏನ ಬಂತು? ತಗೊಳ್ಳೂದಿದ್ರ ಪಾಕೀಟ ತಗೋಬೇಕು” ಎಂದಳು. ನನ್ನ ಕಿವಿಯನ್ನು ನಾನೇ ನಂಬಲಿಲ್ಲ.

ಸುನಂದಾ ಬೆಂಕಿಯಾದಳು. ಬೈಯುವವರು ಒಬ್ಬರಾದರೂ ಇದ್ದರು, ಈಗ ಅವರೂ ನಿಮ್ಮ ಪಾರ್ಟಿ ಸೇರಿದರು ಎಂದಳು. ಆ ಮಳೆಗಾಲದಲ್ಲಿ ನನಗೆ ಹಿಡಿದ ಕೆಮ್ಮು ಬಿಟ್ಟಿರಲಿಲ್ಲ. ಬೆಳಗ್ಗೆ ಎದ್ದ ಕೂಡಲೇ ಹಾಸಿಗೆಯ ಮೇಲೆ ಕೂತು ಕೆಮ್ಮುತ್ತಿದ್ದೆ, ಎರಡು ಮಹಡಿ ಹತ್ತುವುದರೊಳಗೆ ಒಂದು ಸಲ ನಿಲ್ಲಬೇಕಾಗುತ್ತಿತ್ತು. ಕಾರ್ಖಾನೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, ಬಿಡಲೇಬೇಕು, ಇನ್ನು ಮುಂದೆ ತಮಾಷೆಯಲ್ಲ ಎಂದಿದ್ದರು. ಅದು ಸುನಂದಾಗೆ ಗೊತ್ತಿತ್ತು. ಅವ್ವನಿಗೆ ಹೇಳಬೇಡ ಎಂದು ನಾನೇ ಅವಳ ಬಾಯಿ ಕಟ್ಟಿದ್ದೆ. “ಅತ್ತೀ, ನೀವೂ ಸುಮ್ಮನಾದ್ರ ಇವರನ್ನ ಹಿಡಿಯೋರ್ಯಾರು?” ಎಂದು ಅವಳು ಕೇಳಿದರೆ ಅವ್ವ, ಇರಲಿ ಬಿಡು, ಒಂದು ನಮೂನಿ ಪುಣ್ಯದ ಕೆಲಸವೇ ಅದು ಎಂದು ಏನೋ ಅಂದಳಂತೆ. ಅವ್ವನಿಗೆ ವಯಸ್ಸಾಯಿತು ಎಂದು ನಾವಿಬ್ಬರೂ ಅಂದುಕೊಂಡೆವು.

ಒಂದೇ ಒಂದು ವಿಷಯ ನನಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಖಾಲಿ ಪಾಕೀಟುಗಳನ್ನು ಅವ್ವ ಕಸಕ್ಕೆ ಹಾಕುತ್ತಿರಲಿಲ್ಲ. ಬಾಗಿಲ ಹಿಂದೆ ಒಂದು ಕೈಚೀಲದಲ್ಲಿ ಜೋಡಿಸಿಡುತ್ತಿದ್ದಳು. ಲೆಕ್ಕ ಹಿಡಿಯುತ್ತಿದ್ದಾಳೆ, ಒಂದು ದಿನ ನೆಂಟರು ಬಂದಾಗ ಎಲ್ಲರೆದುರು ಸುರಿದು ಮಾನ ತೆಗೆಯುತ್ತಾಳೆ ಎಂದು ನನ್ನ ಗುಮಾನಿ. ಆ ಚೀಲ ತುಂಬುತ್ತ ಬಂದಂತೆ ನನ್ನ ಚಡಪಡಿಕೆಯೂ ಬೆಳೆಯಿತು. ಅವಳು ಸಂತೆಗೆ ಹೋದಾಗ ಅದರಿಂದ ನಾಲ್ಕಾರು ಪಾಕೀಟು ಕದ್ದು, ಪ್ಯಾಂಟಿನ ಜೇಬಿಗೆ ತುರುಕಿ, ದೊಡ್ಡನೆಕ್ಕುಂದಿಯವರೆಗೂ ಒಯ್ದು ಎಸೆದು ಬರುತ್ತಿದ್ದೆ. ತನ್ನದೇ ಕಸವನ್ನು ತಾನೇ ಕದ್ದು ಬಸ್ಸಿನಲ್ಲಿ ಊರ ಮೇಲೆ ಒಯ್ಯುವ ಮನುಷ್ಯನನ್ನು ನೀವು ಕಂಡಿದ್ದೀರಾ? ಕಂಡಿರದಿದ್ದರೆ ಒಮ್ಮೆ ನಮ್ಮ ಮನೆಗೆ ಬನ್ನಿ.

ನೀರು ಕುಡಿದು ಬಂದೆ. ಮುಂದಿನದನ್ನು ಎದ್ದು ಹೋಗದೆ ಬರೆಯಬೇಕು.

ಈ ಚಿತ್ರಗಳನ್ನು ಸರಕಾರ ಆಗಾಗ ಬದಲಾಯಿಸುತ್ತದೆ. ಒಂದನ್ನೇ ನೋಡಿ ನೋಡಿ ಜನಕ್ಕೆ ಹೆದರಿಕೆ ಹೋಗಬಾರದೆಂದು ಇರಬೇಕು. ಹೋದ ವಾರ ಸೆಲ್ವಣ್ಣ ಕೊಟ್ಟ ಪಾಕೀಟಿನ ಮೇಲೆ ಹೊಸ ಮುಖ ಇತ್ತು. ನಾನು ವಾಡಿಕೆಯಂತೆ ಬಣ್ಣ ನೋಡಿದೆ, ಈ ಸಲ ಅಚ್ಚು ಪರವಾಗಿಲ್ಲ ಎಂದುಕೊಂಡೆ, ಎರಡು ಸೇದಿದೆ, ಮನೆಗೆ ತಂದು ಫ್ರಿಜ್ಜಿನ ಮೇಲಿಟ್ಟೆ. ಮರುದಿನ ಅದನ್ನು ಮರೆತು ಕಾರ್ಖಾನೆಗೆ ಹೋದೆ, ಇಬ್ರಾಹಿಮನ ತಗಡಿನ ಡಬ್ಬಿಯ ಮೇಲೆ ದಿನ ಕಳೆದು ಸಂಜೆ ಮನೆಗೆ ಬಂದೆ. ಅವ್ವ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದಳು. ಎದುರಿಗೆ ಎರಡು ಪಾಕೀಟು, ಒಂದು ಚೀಲದಿಂದ ತೆಗೆದ ಹಳೆಯದು, ಒಂದು ಹೊಸದು. ಪಕ್ಕದಲ್ಲಿ ಅವಳ ಗುಂಡಿ ಒತ್ತುವ ಫೋನು. ನಾನು ಚಪ್ಪಲಿ ಬಿಡುವುದಕ್ಕೂ ಬಿಡಲಿಲ್ಲ.

“ಅಂವ ಎಲ್ಲಿ ಹೋದ?” ಎಂದಳು.

“ಯಾರವ್ವ?”

“ಇಷ್ಟ ದಿನಾ ಇದ್ನಲ್ಲ, ಅಂವ. ಇಂವ ಬ್ಯಾರೆ ಅದಾನ. ನಂಬರ ಮಾತ್ರ ಅದೇ ಅದ. ಖರೇ ಹೇಳು, ತೀರಿಕೊಂಡನೇನು?”

ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಅವಳೇ ಹೇಳುತ್ತ ಹೋದಳು. ಮಧ್ಯಾಹ್ನ ಹೊಸ ಮುಖ ಕಂಡು ಅವಳಿಗೆ ಜೀವ ನಿಲ್ಲಲಿಲ್ಲವಂತೆ. ಕೆಳಗಿನ ನಂಬರಿಗೆ ಬೆರಳಿಟ್ಟು ಒಂದೊಂದೇ ಅಂಕಿ ಒತ್ತಿ ಫೋನು ಮಾಡಿದಳಂತೆ. ಮೊದಲು ಹಿಂದಿಯಲ್ಲಿ ಏನೋ ಬಂತು, ಆಮೇಲೆ ಒಬ್ಬ ಹೆಣ್ಣುಮಗಳು ಕನ್ನಡದಲ್ಲಿ ಮಾತಾಡಿದಳು, ಬಹಳ ಮೆದುವಾದ ದನಿ. ಆ ಮನುಷ್ಯ ಹೇಗಿದ್ದಾನೆ ಎಂದು ಅವ್ವ ಕೇಳಿದಳು. ಯಾವ ಮನುಷ್ಯ ಎಂದು ಆ ಹುಡುಗಿಗೆ ಗೊತ್ತಾಗಲಿಲ್ಲ. ನಿಮ್ಮ ಮನೆಯಲ್ಲಿ ಯಾರು ತೆಗೆದುಕೊಳ್ಳುತ್ತಾರೆ ಅಮ್ಮಾ ಎಂದಳು. ನನ್ನ ಮಗ, ದಿನಾ ತೆಗೆದುಕೊಳ್ಳುತ್ತಾನೆ ಎಂದು ಅವ್ವ. ಎಷ್ಟು ವರ್ಷದಿಂದ? ಮದುವೆಗೂ ಮುಂಚಿನಿಂದ. ನಡುವೆ ಬಿಟ್ಟಿದ್ದಾರಾ? ಜ್ವರ ಬಂದ ದಿನವೂ ತಪ್ಪಿಸಿಲ್ಲ ನನ್ನ ಮಗ ಎಂದು ಅವ್ವ ಹೆಮ್ಮೆಯಿಂದ ಹೇಳಿದಳು. ಒಮ್ಮೆ ನಿಮ್ಮ ಮಗನ ಕೈಯಲ್ಲೇ ನಮ್ಮ ಜೊತೆ ಮಾತಾಡಿಸಿ, ನೀವು ಗಾಬರಿಯಾಗಬೇಡಿ, ನಾವಿದ್ದೇವೆ ಎಂದು ಆ ಹುಡುಗಿ ಹೇಳಿದಳಂತೆ.

“ನಿನಗ ಏನರ ಸನ್ಮಾನ ಮಾಡ್ತಾರೇನೋ ಅಂದ್ಕೊಂಡೆ” ಎಂದಳು ಅವ್ವ. “ಆದ್ರ ಅಂವ ಹ್ಯಾಂಗದಾನ ಅನ್ನೂದು ಮಾತ್ರ ಆಕಿ ಹೇಳಲೇ ಇಲ್ಲ.”

ಒಲೆಯ ಹತ್ತಿರ ನಿಂತಿದ್ದ ಸುನಂದಾ ಮೊದಲು ಫಕ್ಕನೆ ನಕ್ಕಳು. ಆಮೇಲೆ ಅವಳ ನಗೆ ನಿಂತಿತು. ನನಗೂ ಅಷ್ಟು ಹೊತ್ತಿಗೆ ಒಂದೊಂದಾಗಿ ಎಲ್ಲ ತಿಳಿಯತೊಡಗಿತ್ತು. ರೋಗ ಹಿಡಿದ ಮನುಷ್ಯನ ಫೋಟೊ, ಕೆಳಗೆ ಫೋನ್ ನಂಬರು. ಸ್ಟೇಷನ್ನಿನ ಮೆಟ್ಟಿಲಲ್ಲಿ ಡಬ್ಬಿಯ ಮೇಲೆ ಇರುವುದೂ ಅದೇ. ಪಾಕೀಟು ಕೊಂಡರೆ ಆ ದುಡ್ಡಿನಲ್ಲಿ ಒಂದು ಪಾಲು ಅವನ ಆಸ್ಪತ್ರೆಗೆ ಹೋಗುತ್ತದೆ, ಬಿಡಿ ಸಿಗರೇಟು ತಂದರೆ ಹೋಗುವುದಿಲ್ಲ ಎಂದು ಅವ್ವ ತಿಳಿದಿದ್ದಳು. ಕೆಟ್ಟ ಚಟ ಬಿಡಲಾರದ ಮಗ ಅದರಲ್ಲೇ ಒಂದು ಒಳ್ಳೆಯ ಕೆಲಸವನ್ನೂ ಸೇರಿಸಿಕೊಂಡಿದ್ದಾನೆ ಎಂದು ಬೈಯುವುದನ್ನು ನಿಲ್ಲಿಸಿದ್ದಳು. ಮುಖ ಯಾಕೆ ಮುಚ್ಚಿದೆ ಎಂದು ಕೇಳಿದ್ದು ಅದಕ್ಕೇ. ಬದುಕಿರುವ ಮನುಷ್ಯನ ಮುಖವನ್ನು ಕಸಕ್ಕೆ ಹೇಗೆ ಹಾಕುವುದು ಎಂದು ಖಾಲಿ ಪಾಕೀಟುಗಳನ್ನು ಎತ್ತಿಟ್ಟಿದ್ದಳು. ನಾನು ಬಣ್ಣದ ಚುಕ್ಕೆ ನೋಡಿ ಮುಗಿಸಿದ್ದ ಚಿತ್ರವನ್ನು ಅವಳು ದಿನಾ ಯೋಗಕ್ಷೇಮ ಕೇಳುವಷ್ಟು ನೋಡಿದ್ದಳು.

ಒಂದು ಸಣ್ಣ ಸುಳ್ಳಿನಿಂದ ಎಲ್ಲ ಮುಗಿಯುತ್ತಿತ್ತು. ಆರಾಮಾಗಿ ಮನೆಗೆ ಹೋದನಂತೆ ಅವ್ವಾ, ಈಗ ಇನ್ನೊಬ್ಬನಿಗೆ ಸಹಾಯ ಮಾಡುತ್ತಿದ್ದಾರೆ ಎಂದರೆ ಸಾಕಾಗಿತ್ತು. ಅವಳು ಅದನ್ನೇ ಕೇಳಲು ಕಾಯುತ್ತಿದ್ದಳು. ನನ್ನ ಬಾಯಿ ತೆರೆಯಿತು ಕೂಡ. ಸುನಂದಾ ಲಟ್ಟಣಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು. ನನ್ನನ್ನೇ ನೋಡಿದಳು. ಅವಳ ಕಣ್ಣು ತುಂಬಿತ್ತು.

ಹೇಳಿದೆ. ಇದು ಸಹಾಯ ಕೇಳುವ ಫೋಟೊ ಅಲ್ಲ, ಸರಕಾರದವರು ಹೆದರಿಸಲು ಹಾಕಿದ್ದು ಎಂದೆ. ಇದನ್ನು ಸೇದಿದವರಿಗೆ ಹೀಗಾಗುತ್ತದೆ ಎಂದು ತೋರಿಸುತ್ತಾರೆ ಎಂದೆ. ಅವಳು ಮತ್ತೆ ಫೋಟೊ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಮೊಳಕಾಲಿಗೆ ಕೈಯೂರಿ ಎದ್ದು, ನನ್ನ ಗದ್ದ ಹಿಡಿದು ಮುಖವನ್ನು ಟ್ಯೂಬ್‌ಲೈಟಿನ ಕಡೆ ಎತ್ತಿದಳು. ಸಣ್ಣವನಿದ್ದಾಗ ಮಂಗನಬಾವು ಬಂದರೆ ನೋಡುತ್ತಿದ್ದಳಲ್ಲ, ಹಾಗೆ ದವಡೆಯ ಕೆಳಗೆ, ಗಂಟಲ ಎರಡೂ ಬದಿ ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ಆಗಲೇ ನನಗೆ ಕೆಮ್ಮು ಬಂತು. ತಡೆದರೂ ನಿಲ್ಲಲಿಲ್ಲ.

“ಹಂಗಂದ್ರ ಇದು ನಿನಗ ತೋರ್ಸಿದ್ದು” ಎಂದಳು.

ಹೌದು ಎಂದೆ.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ನನ್ನ ಗದ್ದ ಬಿಟ್ಟು, ಮತ್ತೆ ಹೊಸ್ತಿಲ ಮೇಲೆ ಕೂತು, ಎರಡೂ ಪಾಕೀಟುಗಳನ್ನು ಎತ್ತಿ ಸೆರಗಿನಲ್ಲಿ ಹಾಕಿಕೊಂಡಳು. ಏನೋ ಕಷ್ಟದ ಲೆಕ್ಕ ಬಿಡಿಸುವವಳಂತೆ ಅವಳ ಹಣೆ ಗಂಟಾಗಿತ್ತು.

“ನಾ ದಿನಾ ದೀಪಾ ಹಚ್ಚಿ ಇವನ ಸಲುವಾಗಿ ಬೇಡ್ಕೋತಿದ್ದೆ” ಎಂದಳು. “ಯಾರ ಮಗನೋ ಏನೋ, ಆರಾಮ ಮಾಡೋ ಯಪ್ಪಾ ಅಂತ. ಹೆಸರ ಸೈತ ಗೊತ್ತಿರಲಿಲ್ಲ ನನಗ.” ನನ್ನ ಮುಖ ನೋಡಿದಳು. “ಅದು ನಿನಗ ಮುಟ್ಟಿರ್ತದೇನೋ ಮಲ್ಲ್ಯಾ?”

ಆಗ ಚಪ್ಪಲಿ ಬಿಟ್ಟು ಅವಳೆದುರು ನೆಲದ ಮೇಲೆ ಕೂತೆ. ಹೊಸ ಪಾಕೀಟಿನಲ್ಲಿ ನಾನು ಸೇದಿದ್ದು ಎರಡೇ. ಮಿಕ್ಕವೆಲ್ಲ ಅವಳ ಸೆರಗಿನಲ್ಲೇ ಇದ್ದವು. ಕೊಡು ಎಂದು ಕೇಳಲಿಲ್ಲ. ಇವತ್ತಿನ ತನಕ ಕೇಳಿಲ್ಲ.